ದಂಡದ ವೋಲ್ಟೇಜು

೧೯೮೬ರ ಅಕ್ಟೋಬರ್ ಹದಿನಾರು, ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಡಾ. ಮುನಿರತ್ನಮ್ಮನ ಮೀಟರಿನ ಕೆಂಪು ಅಂಕಿಗಳು ಇನ್ನೂರ ಎಂಬತ್ತನಾಲ್ಕಕ್ಕೆ ಬಂದು ನಿಂತವು. ಅವಳು ನಂಬಲಿಲ್ಲ. ಸ್ವಿಚ್ಚು ಆರಿಸಿ, ತಂತಿಗಳನ್ನು ಬಿಚ್ಚಿ, ತುದಿಗಳನ್ನು ಉಜ್ಜಿ ಮತ್ತೆ ಸಿಕ್ಕಿಸಿದಳು. ಈ ಸಲವೂ ಇನ್ನೂರ ಎಂಬತ್ತನಾಲ್ಕು. ಪಕ್ಕದ ಕೋಣೆಯಲ್ಲಿದ್ದ ಫಿಸಿಕ್ಸ್ ಲೆಕ್ಚರರ್ ಆದಿನಾರಾಯಣನನ್ನು ಕರೆದು ತೋರಿಸಿದಳು. ಅವನು ತನ್ನ ಮೀಟರನ್ನೇ ಹೊತ್ತು ತಂದು ಹಚ್ಚಿದ. ಅದೂ ಒಂದೆರಡು ಅಂಕಿಯ ವ್ಯತ್ಯಾಸದಲ್ಲಿ ಅದನ್ನೇ ಹೇಳಿತು.

ಮುನಿರತ್ನಮ್ಮನ ಕೆಲಸವನ್ನು ಸರಳವಾಗಿ ಹೇಳಬಹುದು. ಬಿಸಿಲಿನಿಂದ ಬರುವ ಕರೆಂಟನ್ನು ಕ್ಷಾರ ಬೆರೆಸಿದ ನೀರಿಗೆ ಹಾಯಿಸಿದರೆ ನೀರು ಒಡೆಯುತ್ತದೆ. ಒಂದು ತಗಡಿನ ಮೇಲೆ ಜಲಜನಕ, ಇನ್ನೊಂದರ ಮೇಲೆ ಆಮ್ಲಜನಕ ಗುಳ್ಳೆಗಳಾಗಿ ಏಳುತ್ತವೆ. ಜಲಜನಕವನ್ನು ಹಿಡಿದಿಟ್ಟುಕೊಂಡರೆ ಬಿಸಿಲು ಇಲ್ಲದಾಗ ಉರಿಸಿಕೊಳ್ಳಬಹುದು. ತೊಡಕಿರುವುದು ಆಮ್ಲಜನಕದ ತಗಡಿನಲ್ಲಿ. ಲೆಕ್ಕದ ಪ್ರಕಾರ ಎಷ್ಟು ವೋಲ್ಟೇಜು ಬೇಕೋ ಅಷ್ಟೇ ಕೊಟ್ಟರೆ ಅದು ಸುಮ್ಮನೆ ಕೂತಿರುತ್ತದೆ. ಮೇಲೆ ಇನ್ನಷ್ಟು ಸುರಿಯಬೇಕು, ಸುರಿದದ್ದೆಲ್ಲ ಬರಿಯ ಶಾಖವಾಗಿ ಹೋಗುತ್ತದೆ. ಪುಸ್ತಕಗಳಲ್ಲಿ ಈ ಹೆಚ್ಚುವರಿಗೆ ಬೇರೆ ಹೆಸರಿದೆ. ಈ ಲ್ಯಾಬಿನಲ್ಲಿ ಅದು ದಂಡದ ವೋಲ್ಟೇಜು. ನಿಕಲ್ ತಗಡಿಗೆ ಕೋಬಾಲ್ಟಿನ ಒಂದು ಲೇಪ ಕೊಟ್ಟು, ಕುಲುಮೆಯಲ್ಲಿ ಸುಟ್ಟು, ಆ ದಂಡವನ್ನು ಇಳಿಸುವುದೇ ಅವಳ ಪ್ರಾಜೆಕ್ಟು. ಎರಡೂವರೆ ವರ್ಷದಿಂದ ಮುನ್ನೂರ ಎಪ್ಪತ್ತು ಮಿಲಿವೋಲ್ಟಿನ ಕೆಳಕ್ಕೆ ಇಳಿಯದಿದ್ದದ್ದು ಅವತ್ತು ಒಮ್ಮೆಲೇ ಇನ್ನೂರ ಎಂಬತ್ತನಾಲ್ಕಾಗಿತ್ತು.

ಅದೇ ವಾರ ಇನ್ನೆರಡು ತಗಡುಗಳು ಅಷ್ಟೇ ಚೆನ್ನಾಗಿ ಬಂದವು. ಪ್ರಾಜೆಕ್ಟಿಗೆ ಹಣ ಕೊಡುವ ಬೆಂಗಳೂರಿನ ಸಮಿತಿಗೆ ಅವಳು ಬರೆದು ಹಾಕಿದಳು. ಪ್ರಾಜೆಕ್ಟಿನ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು. ಇನ್ನೂ ಮೂರು ವರ್ಷ ಮುಂದುವರಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವರು ಆ ಸಮಿತಿಯವರು. ಮುಂದುವರಿಯದಿದ್ದರೆ, ಕಾಲೇಜು ಚಿನ್ನದ ಗಣಿಯವರಿಂದ ಎರವಲು ಪಡೆದಿದ್ದ, ಹಿಂದೆ ಅದಿರು ಪರೀಕ್ಷಿಸುತ್ತಿದ್ದ ಈ ಹಳೆಯ ಅಸ್ಸೇ ಕಟ್ಟಡ ವಾಪಸು ಹೋಗುತ್ತದೆ, ಕುಲುಮೆ ಹೋಗುತ್ತದೆ, ಮುನಿರತ್ನಮ್ಮ ಪಿಯುಸಿ ಹುಡುಗರಿಗೆ ಲವಣ ಪರೀಕ್ಷೆ ಮಾಡಿಸಲು ಹಿಂದಿರುಗುತ್ತಾಳೆ. ಸಮಿತಿಯಿಂದ ಬೇಗ ಉತ್ತರ ಬಂತು. ಜನವರಿ ಹದಿನಾರಕ್ಕೆ ಖುದ್ದು ಬಂದು ನೋಡುತ್ತೇವೆ ಎಂದು.

ನವೆಂಬರಿನಲ್ಲಿ ಎಲ್ಲವೂ ಕೈಕೊಟ್ಟಿತು.

ಹೊಸ ತಗಡುಗಳು ಮುನ್ನೂರ ಎಪ್ಪತ್ತೊಂದು, ಮುನ್ನೂರ ಎಂಬತ್ತಮೂರು ಎಂದು ಹಳೆಯ ಹಾಡನ್ನೇ ಹಾಡಿದವು. ಅಕ್ಟೋಬರಿನ ಮೂರು ತಗಡುಗಳನ್ನೇ ತೆಗೆದು ಮತ್ತೆ ಇಟ್ಟಳು. ಮೊದಲ ದಿನ ಅವು ಚೆನ್ನಾಗಿದ್ದವು, ಆಮೇಲೆ ದಿನಕ್ಕಿಷ್ಟು ಎಂಬಂತೆ ಕೆಟ್ಟವು. ಲೇಪ ಸವೆಯುತ್ತಿದೆ ಎಂದುಕೊಂಡು ಲೇಪವನ್ನು ದಪ್ಪ ಮಾಡಿದಳು. ಏನೂ ಆಗಲಿಲ್ಲ. ತೆಳುವಾಗಿಸಿದಳು. ಕುಲುಮೆಯ ಶಾಖ ಏರಿಸಿದಳು, ಇಳಿಸಿದಳು. ಒಂದು ಸಲ ಒಳ್ಳೆಯ ಅಂಕಿ ಬರುವ ಹಾಗಿತ್ತು. ಅಷ್ಟರಲ್ಲಿ ಗಣಿಯೊಳಗೆ ಎಲ್ಲೋ ಬಂಡೆ ಸಿಡಿದು ನೆಲ ಅದುರಿ, ಪಾತ್ರೆ ಓರೆಯಾಗಿ ಕ್ಷಾರವೆಲ್ಲ ಮೇಜಿನ ಮೇಲೆ ಹರಿಯಿತು. ಇನ್ನೊಂದು ಸಲ ಕುಲುಮೆ ಕಾಯುತ್ತಿದ್ದಾಗ ಕರೆಂಟು ಹೋಗಿ ಆರು ತಗಡುಗಳು ಅರೆಬೆಂದವು.

ತನ್ನ ಕೈ ಸಾಕಷ್ಟು ಶುಚಿಯಾಗಿಲ್ಲವೇನೋ ಎಂಬ ಅನುಮಾನ ಅವಳಿಗೆ ಬಂತು. ನಿಕಲ್‌ಗೆ ಕಬ್ಬಿಣ, ಸತು, ಸುಣ್ಣ ಯಾವುದೂ ತಾಗಬಾರದು ಎಂದು ಓದಿದ್ದಳು. ಬೆಂಗಳೂರಿನಿಂದ ಅತಿ ಶುದ್ಧ ದರ್ಜೆಯ ಪೊಟ್ಯಾಷ್ ಕ್ಷಾರ ತರಿಸಿದಳು. ಗಾಜಿನ ಪಾತ್ರೆಗಳನ್ನು ಆಸಿಡ್ಡಿನಲ್ಲಿ ನೆನೆಹಾಕಿ ತೊಳೆದಳು. ಬಟ್ಟಿ ಇಳಿಸಿದ ನೀರನ್ನು ಇನ್ನೊಮ್ಮೆ ಬಟ್ಟಿ ಇಳಿಸಿದಳು. ಅಂಕಿ ನಾನೂರ ಎರಡಕ್ಕೆ ಏರಿತು. ಶುಚಿ ಹೆಚ್ಚಿದಷ್ಟೂ ದಂಡ ಹೆಚ್ಚುತ್ತಿತ್ತು. ಇದು ಅವಳು ಕಲಿತ ಯಾವ ರಸಾಯನಶಾಸ್ತ್ರಕ್ಕೂ ಹೊಂದುತ್ತಿರಲಿಲ್ಲ.

"ಅವತ್ತು ನಮ್ಮ ಮೀಟರು ಹಬ್ಬದ ಗುಂಗಲ್ಲಿತ್ತೇನೋ ಮೇಡಂ" ಎಂದ ಆದಿನಾರಾಯಣ.

"ಎರಡು ಮೀಟರೂ ಒಟ್ಟಿಗೆ ಗುಂಗಲ್ಲಿದ್ವಾ? ನಿಮ್ಮದೂ ಇತ್ತಲ್ಲ."

"ನಂದು ನಿಮ್ಮದರ ಜತೆ ಸೇರಿ ಕೆಟ್ಟಿದೆ."

ಅವಳಿಗೆ ನಗು ಬರಲಿಲ್ಲ. ಬಂಗಾರಪೇಟೆಗೆ ಹೋಗುವ ಸಂಜೆಯ ರೈಲಿನಲ್ಲಿ ಕೂತು ಅದೇ ಅಂಕಿಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಮಾರಿಕುಪ್ಪಂನಲ್ಲೇ ತುಂಬಿಕೊಂಡು ಬರುವ ಗಾಡಿಯಲ್ಲಿ ಪಕ್ಕದವರ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದರೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಕ್ಯಾಸಂಬಳ್ಳಿಯ ತವರಿಗೆ ಹೋದರೆ ಅಣ್ಣ ಸೊಣ್ಣಪ್ಪ ಹಾಲು ಕರೆಯುತ್ತಾ ತಲೆ ಎತ್ತದೆಯೇ ಕೇಳುತ್ತಿದ್ದ.

"ಏನವ್ವ ರತ್ನ, ನೀರು ಒಡೀತಾ?"

"ಒಡೀತೈತೆ. ಕರೆಂಟು ಜಾಸ್ತಿ ತಿಂತೈತೆ."

"ನಮ್ಮ ಸೀಮೆ ಹಸೂನೂ ಅಂಗೇ ಕಣವ್ವ. ತಿನ್ನೋದು ಬಂಡಿಗಟ್ಲೆ, ಕೊಡೋದು ಚೊಂಬು. ಅದನ್ನ ಮಾರ್ಬುಟ್ಟೆ. ನೀನು ಯಾರಿಗೆ ಮಾರ್ತೀಯ?"

ಜನವರಿ ಹನ್ನೆರಡರ ಸೋಮವಾರ ಚಾಂಪಿಯನ್ ನಿಲ್ದಾಣದಲ್ಲಿ ಇಳಿದು ಲ್ಯಾಬಿಗೆ ಬಂದಾಗ ಅಟೆಂಡರ್ ಕೋದಂಡಪ್ಪ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದ. ಬಾಗಿಲ ಚೌಕಟ್ಟಿಗೆ, ಮೇಜುಗಳ ಕಾಲಿಗೆ, ಕುಲುಮೆಯ ಕಟ್ಟೆಗೆ ಆಗಲೇ ಕೆಂಪು ಹಚ್ಚಿಯಾಗಿತ್ತು. ಕೋದಂಡಪ್ಪ ಬೇತಮಂಗಲದ ಕಡೆಯವನು. ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಬೆಳೆದದ್ದರಿಂದ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸಲೀಸಾಗಿ ಜಗಳ ಆಡುತ್ತಿದ್ದ. ಅವನ ಪಕ್ಕದಲ್ಲಿ ಬಿಳಿಯ ಪ್ಲಾಸ್ಟಿಕ್ ಕ್ಯಾನು ಇತ್ತು. ಅದರ ಹೊಟ್ಟೆಯ ತುಂಬ ಕೆಂಪು ನೀರು.

ಅದು ಬಟ್ಟಿ ಇಳಿಸಿದ ನೀರಿನ ಕ್ಯಾನು.

"ಕೋದಂಡಪ್ಪ, ಇದೇನಿದು?"

"ಕಮಿಟಿಯೋರು ಬತ್ತಾವ್ರಲ್ಲಮ್ಮ. ಜತೆಗೆ ಸಂಕ್ರಾಂತಿ. ನಾಳೆಯಿಂದ ನಮ್ಮನೇಲಿ ದನ ತೊಳೆಯೋದು, ಕೊಂಬಿಗೆ ಬಣ್ಣ ಬಳಿಯೋದು ಇರ್ತದೆ, ಅದ್ಕೇ ಇವತ್ತೇ ಮಾಡಿ ಮುಗಿಸ್ಬುಡಾನ ಅಂತ."

"ಕೆಮ್ಮಣ್ಣು ಯಾಕೆ ಕಲಸಿದೆ ಅಂತ ಕೇಳ್ಲಿಲ್ಲ. ಅದರಲ್ಲಿ ಯಾಕೆ ಕಲಸಿದೆ?"

"ನಲ್ಲೀಲಿ ನೀರು ಬಿಟ್ಟು ಮೂರು ದಿನ ಆಯ್ತು. ತೊಟ್ಟೀಲಿರೋದ್ರಲ್ಲಿ ಎಲ್ರೂ ಕೈಕಾಲು ಅದ್ದವ್ರೆ. ಎಂಜಲು ನೀರಲ್ಲಿ ಕಲಸಿ ಹೊಸಿಲಿಗೆ ಆಕಕ್ಕಾಗ್ತದಾ? ಇದು ಯಾರೂ ಮುಟ್ದೇ ಇರೋ ನೀರು, ಆವಿಯಿಂದ ಇಳ್ದಿರೋದು. ಇದ್ಕಿಂತ ಮಡಿ ಎಲ್ಲೈತೆ ಏಳಿ."

ಎರಡು ತಿಂಗಳ ಸಿಟ್ಟೆಲ್ಲ ಹೊರಬಿತ್ತು. "ಎರಡೆರಡು ಸಲ ಬಟ್ಟಿ ಇಳಿಸಿ ಸಾಯ್ತಾ ಇದೀನಿ ನಾನು. ನೀನು ಅದಕ್ಕೆ ಮಣ್ಣು ಕದಡ್ತೀಯ."

"ತೊಳ್ದು ಮಡಗ್ತೀನಿ ಕಣಮ್ಮ. ಆಯುಧಪೂಜೆಗೂ ಅಂಗೇ ಅಲ್ವಾ ಮಾಡಿದ್ದು? ತೊಳ್ದು, ಮತ್ತೆ ನೀರು ತುಂಬಿಸಿ ಮಡಗ್ಲಿಲ್ವಾ? ನಿಮ್ಗೆ ಗೊತ್ತೇ ಆಗ್ಲಿಲ್ಲ."

ಅವಳು ಕ್ಯಾನಿನ ಕಡೆಗೆ ಬಗ್ಗಿದಳು.

"ಆಯುಧಪೂಜೆಗೂ ಇದೇ ಕ್ಯಾನಾ?"

"ಇದೇ. ಇನ್ಯಾವುದೈತೆ?"

ಆಯುಧಪೂಜೆ ಮುಗಿದ ವಾರವೇ ಆ ಕ್ಯಾನಿನ ನೀರಿನಲ್ಲಿ ಅವಳು ದೊಡ್ಡ ಬಾಟಲಿಯ ತುಂಬ ಕ್ಷಾರದ ದ್ರಾವಣ ಮಾಡಿಟ್ಟಿದ್ದಳು. ಒಳ್ಳೆಯ ಮೂರು ತಗಡುಗಳನ್ನೂ ಅಳೆದದ್ದು ಅದರಲ್ಲೇ. ನವೆಂಬರಿನಲ್ಲಿ ತಿಂಗಳ ಪದ್ಧತಿಯಂತೆ ಕ್ಯಾನನ್ನು ಆಸಿಡ್ಡಿನಿಂದ ತೊಳೆದು, ಹೊಸ ದ್ರಾವಣ ಮಾಡಿಕೊಂಡು, ಅದೇ ದಿನ ಹೊಸ ತಗಡುಗಳನ್ನೂ ಶುರು ಮಾಡಿದ್ದಳು. ದ್ರಾವಣ, ತಗಡು ಎರಡೂ ಒಟ್ಟಿಗೆ ಬದಲಾಗಿದ್ದವು. ಅವಳು ಸಂಶಯಪಟ್ಟದ್ದು ಒಂದನ್ನು ಮಾತ್ರ. ಕೆಮ್ಮಣ್ಣು ಎಂದರೆ ಕಬ್ಬಿಣದ ತುಕ್ಕು. ಕೋದಂಡಪ್ಪ ತೊಳೆದ ಮೇಲೂ ಕ್ಯಾನಿಗೆ ಅಂಟಿ ಉಳಿದಿದ್ದದ್ದು ಅವಳ ಆಸಿಡ್ಡಿಗೆ ಹೋಗಿತ್ತು.

"ಅದನ್ನ ಚೆಲ್ಲಬೇಡ, ಒಳಗೆ ತಗೊಂಡು ಬಾ" ಎಂದಳು.

"ಪಟ್ಟೆ ಅರ್ಧಕ್ಕೆ ನಿಂತೈತಮ್ಮ."

"ನಿಲ್ಲಲಿ."

ಕೆಂಪು ನೀರು ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಸಿದು ಪೊಟ್ಯಾಷ್ ಕರಗಿಸಿದಳು. ಕಣ್ಣಿಗೆ ಅದು ಬರಿಯ ನೀರಿನಂತೆಯೇ ಇತ್ತು. ಮುನ್ನೂರ ಎಂಬತ್ತಮೂರು ಕೊಟ್ಟಿದ್ದ ನವೆಂಬರಿನ ತಗಡನ್ನು ಅದರಲ್ಲಿ ಮುಳುಗಿಸಿ ಕರೆಂಟು ಬಿಟ್ಟಳು. ಅಂಕಿ ಇಳಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಇನ್ನೂರ ತೊಂಬತ್ತರ ಕೆಳಗಿತ್ತು.

ಆದಿನಾರಾಯಣ ಓಡಿ ಬಂದು ನೋಡಿ ಕುರ್ಚಿಯಲ್ಲಿ ಕೂತ. "ಗೆದ್ದಿರಿ ಮೇಡಂ."

ಕೋದಂಡಪ್ಪ ಬಾಗಿಲಲ್ಲಿ ನಿಂತು ಕೇಳಿದ. "ಅಂಗಾದ್ರೆ ನಾನು ಆಕಿದ ಕೆಮ್ಮಣ್ಣಿಗೆ ಡಾಕ್ಟ್ರು ಪಟ್ಟ ಬತ್ತದಾ?"

"ನಿಂಗೆ ಬರಲ್ಲ, ಮಣ್ಣಿಗೆ ಬರುತ್ತೆ" ಎಂದ ಆದಿನಾರಾಯಣ.

ಮುನಿರತ್ನಮ್ಮ ಇಬ್ಬರ ಜೊತೆಗೂ ನಗಲಿಲ್ಲ. ಎರಡು ಬದಲಾದಾಗ ಒಂದನ್ನೇ ನೋಡಿ ಮೋಸ ಹೋದವಳು, ಈಗಲೂ ಒಂದನ್ನೇ ನೋಡಿ ಎದ್ದು ಹೋಗುವಂತಿರಲಿಲ್ಲ. ಲೇಪ ಕೊಡದ ಒಂದು ತಗಡನ್ನೂ ಇದೇ ನೀರಿನಲ್ಲಿಟ್ಟು ನೋಡಬೇಕಿತ್ತು. ಇದ್ದದ್ದು ನಾಲ್ಕೇ ದಿನ. ನಡುವೆ ಹಬ್ಬ.

ಸಂಕ್ರಾಂತಿಯ ದಿನ ಕಾಲೇಜಿಗೆ ರಜೆ. ಬೀಗದ ಕೈ ಕೋದಂಡಪ್ಪನ ಹತ್ತಿರವಿತ್ತು. ಅವನು ಎರಡೂ ಕೈಗೆ ಹಸಿರು ಬಣ್ಣ ಮೆತ್ತಿಕೊಂಡೇ ಬಂದು ಬಾಗಿಲು ತೆಗೆದು, "ಎತ್ತಿನ ಒಂದು ಕೊಂಬಿಗೆ ಬಳಿದು ಬಂದಿವ್ನಿ, ಬಿರ್ರನೆ ಓಗ್ಬೇಕು" ಎಂದು ಓಡಿದ. ಏನೂ ಹಚ್ಚದ ನಿಕಲ್ ತಗಡನ್ನು ಅವಳು ಕಬ್ಬಿಣದ ನೀರಿನಲ್ಲಿ ಇಟ್ಟು ಕರೆಂಟು ಬಿಟ್ಟಳು. ಒಂದು ಗಂಟೆಗೆ ಅದು ಮುನ್ನೂರು ದಾಟಿ ಕೆಳಗಿಳಿಯಿತು. ಎರಡು ಗಂಟೆಗೆ ಇನ್ನೂರ ಎಂಬತ್ತೇಳು. ಲೇಪದ ತಗಡು ಪಕ್ಕದ ಪಾತ್ರೆಯಲ್ಲಿ ಇನ್ನೂರ ಎಂಬತ್ತೈದರಲ್ಲಿತ್ತು. ಅವೆರಡರ ನಡುವಿನ ವ್ಯತ್ಯಾಸ ಮೀಟರಿನ ತಪ್ಪಿಗಿಂತ ಕಡಿಮೆ.

ಎಂದರೆ ಲೇಪ ಏನನ್ನೂ ಮಾಡುತ್ತಿರಲಿಲ್ಲ. ಎರಡೂವರೆ ವರ್ಷ ಅವಳು ಕೋಬಾಲ್ಟು ತೂಗಿದ್ದು, ಅರೆದದ್ದು, ಸುಟ್ಟದ್ದು, ಕರೆಂಟು ಹೋದಾಗ ಕುಲುಮೆಯ ಮುಂದೆ ಕೂತು ಕೈ ಹಿಸುಕಿಕೊಂಡದ್ದು, ಎಲ್ಲವೂ ತಗಡಿಗೆ ಬೇಕಿಲ್ಲದ ಉಪಚಾರ.

ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು ಬಂದ ಆದಿನಾರಾಯಣನಿಗೆ ಅವಳು ಎರಡು ಅಂಕಿಗಳನ್ನೂ ತೋರಿಸಿದಳು. ಅವನು ಬಗ್ಗಿ ಎರಡೂ ಪಾತ್ರೆಗಳ ತಂತಿಗಳನ್ನು ತಾನೇ ಮುಟ್ಟಿ ನೋಡಿದ.

"ಇದನ್ನ ಬೀರುವಿನಲ್ಲಿಡಿ" ಎಂದ ಕೊನೆಗೆ, ಬರಿಯ ತಗಡನ್ನು ತೋರಿಸಿ. "ಶುಕ್ರವಾರ ಲೇಪದ್ದು ತೋರಿಸಿ. ನೀವು ಹೇಳಿದ ಅಂಕಿ ಅಲ್ಲೇ ಇದೆ. ಸುಳ್ಳೇನೂ ಅಲ್ಲ."

"ಸುಳ್ಳಲ್ಲ. ಆದರೆ ಅದು ಲೇಪದಿಂದ ಬಂದದ್ದಲ್ಲ."

"ಅವರು ಅದನ್ನ ಕೇಳಲ್ಲ. ಮೊದಲು ಮೂರು ವರ್ಷ ಬರಲಿ. ಆಮೇಲೆ ಕಬ್ಬಿಣದ ಮೇಲೆ ಬೇಕಾದ್ದು ಮಾಡಿಕೊಳ್ಳಿ. ಲ್ಯಾಬೇ ಇಲ್ಲದೆ ಹೋದರೆ ಏನು ಮಾಡ್ತೀರ? ಕ್ಯಾಸಂಬಳ್ಳಿ ಕೊಟ್ಟಿಗೇಲಿ ತಗಡು ಮುಳುಗಿಸ್ತೀರಾ?"

ಅವನ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು. ಗುರುವಾರವಿಡೀ ಆ ಬರಿಯ ತಗಡನ್ನು ಎರಡು ಸಲ ಬೀರುವಿನಲ್ಲಿಟ್ಟಳು, ಎರಡು ಸಲವೂ ಹೊರಗೆ ತೆಗೆದಳು. ಮೂರು ವರ್ಷ ಲೇಪದ ಹೆಸರಿನಲ್ಲಿ ವರದಿ ಬರೆಯಬೇಕು. ಅದನ್ನು ಓದಿದ ಇನ್ನೊಬ್ಬರು ಯಾವುದೋ ಊರಿನಲ್ಲಿ ಕೋಬಾಲ್ಟು ಅರೆಯುತ್ತಾ, ನೀರನ್ನು ಶುದ್ಧ ಮಾಡುತ್ತಾ, ಅಂಕಿ ಬರಲಿಲ್ಲವಲ್ಲ ಎಂದು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಅದು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಸಮಿತಿಯ ಕಾರು ಹನ್ನೊಂದಕ್ಕೆ ಬರಬೇಕಾದದ್ದು ಹನ್ನೆರಡೂವರೆಗೆ ಬಂತು. ಅಧ್ಯಕ್ಷರು ಹಿರಿಯರು, ಮೃದು ಮಾತಿನವರು. ಜೊತೆಗೆ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಸದಸ್ಯರೊಬ್ಬರು. ಮೇಜಿನ ಮೇಲೆ ಎರಡು ಪಾತ್ರೆಗಳು ಅಕ್ಕಪಕ್ಕದಲ್ಲಿ ಸಣ್ಣಗೆ ಗುಳ್ಳೆ ಬಿಡುತ್ತಿದ್ದವು. ಆದಿನಾರಾಯಣ ಅವನ್ನು ಕಂಡು ಮುಖ ತಿರುಗಿಸಿದ.

ಅಧ್ಯಕ್ಷರು ಮೊದಲನೆಯ ಮೀಟರಿಗೆ ಬಗ್ಗಿ ನೋಡಿದರು. "ಇನ್ನೂರ ಎಂಬತ್ತೆರಡು. ನೀವು ಬರೆದಿದ್ದಕ್ಕಿಂತ ಎರಡು ಕಡಿಮೆಯೇ. ಬಹಳ ಸಂತೋಷ ಡಾಕ್ಟ್ರೇ. ಇದೇ ಲೇಪ ಅಲ್ಲವೇ?"

"ಹೌದು ಸರ್. ಪಕ್ಕದ್ದನ್ನೂ ನೋಡಬೇಕು."

"ಅದು ಯಾವ ಲೇಪ?"

"ಲೇಪ ಇಲ್ಲ ಸರ್. ಬರಿಯ ತಗಡು."

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಇನ್ನೂರ ಎಂಬತ್ತು.

ಮುನಿರತ್ನಮ್ಮ ಎಲ್ಲವನ್ನೂ ಹೇಳಿದಳು. ಹಬ್ಬದ ಕೆಮ್ಮಣ್ಣು, ಕ್ಯಾನು, ಆಸಿಡ್ಡು, ಶುದ್ಧ ಮಾಡಿದಷ್ಟೂ ಕೆಟ್ಟದ್ದು. ಕಬ್ಬಿಣ ಅತಿ ಸ್ವಲ್ಪವೇ ಇದ್ದರೂ ನಿಕಲ್ ಮೇಲೆ ಕೂತು ಈ ಕೆಲಸ ಮಾಡುತ್ತಿರಬೇಕು, ಹೇಗೆ ಎಂಬುದು ತನಗೆ ಇನ್ನೂ ತಿಳಿದಿಲ್ಲ, ಅದನ್ನೇ ಮುಂದಿನ ಮೂರು ವರ್ಷ ನೋಡಬೇಕು ಎಂದಳು. ಕೋಬಾಲ್ಟು ಬೇಡ, ಕುಲುಮೆ ಬೇಡ. ಇದಕ್ಕಿಂತ ಅಗ್ಗವಾದದ್ದು ಏನಿದೆ ಎಂದಳು. ಹೇಳುತ್ತಾ ಹೇಳುತ್ತಾ, ಹೇಗೆ ಎಂದು ಇವರು ಒಮ್ಮೆ ಕೇಳಲಿ ಎಂದು ಕಾಯುತ್ತಿದ್ದಳು.

ಬ್ಯಾಟರಿಯ ಸದಸ್ಯರು ನಕ್ಕರು. "ನಮ್ಮಲ್ಲಿ ನಿಕಲ್ ತಗಡಿಗೆ ಕಬ್ಬಿಣ ತಾಗಿಸಿದವನಿಗೆ ಮೆಮೋ ಕೊಡ್ತಾ ಇದ್ವಿ. ಅದು ವಿಷಾರೀ."

"ಯಾಕೆ ವಿಷ ಸರ್? ಚಾರ್ಜ್ ಮಾಡುವಾಗ ಬೇಡದ ಆಮ್ಲಜನಕ ಬೇಗ ಬಿಡಿಸುತ್ತೆ ಅಂತ. ನಮಗೆ ಬೇಕಾಗಿರೋದು ಆಮ್ಲಜನಕ ಬೇಗ ಬಿಡೋದೇ."

"ಆದರೂ ಮಣ್ಣಿನ ನೀರು..." ಎಂದು ಅವರು ಬಾಗಿಲ ಕಡೆಗೆ, ಅರ್ಧಕ್ಕೆ ನಿಂತಿದ್ದ ಕೆಂಪು ಪಟ್ಟೆಯ ಕಡೆಗೆ ನೋಡಿದರು.

ಅಧ್ಯಕ್ಷರು ಸಮಾಧಾನದ ದನಿಯಲ್ಲಿ ಹೇಳಿದರು. "ನೋಡಿ ಅಮ್ಮ, ನಿಮ್ಮ ಪ್ರಾಮಾಣಿಕತೆ ದೊಡ್ಡದು. ಆದರೆ ಮಂಜೂರಾಗಿರೋದು ಲೇಪದ ಪ್ರಾಜೆಕ್ಟು. ಲೇಪಕ್ಕೆ ಕೆಲಸವಿಲ್ಲ ಅಂತ ನೀವೇ ತೋರಿಸಿದಿರಿ. ಕೆಲಸವಿಲ್ಲದ್ದನ್ನ ಮುಂದುವರಿಸಿ ಅಂತ ನಾನು ಹೇಗೆ ಬರೀಲಿ?"

"ಕಬ್ಬಿಣದ್ದನ್ನ ಮುಂದುವರಿಸಿ ಅಂತ ಬರೀಬಹುದಲ್ಲ ಸರ್."

"ಅದು ಬೇರೆ ವಿಷಯ. ಹೊಸದಾಗಿ ಅರ್ಜಿ ಹಾಕಿ. ಮುಂದಿನ ವರ್ಷ ನೋಡೋಣ."

"ಮಾರ್ಚಿಗೆ ಕಟ್ಟಡ ಹೋಗುತ್ತೆ ಸರ್."

ಅವರು ನಿಜವಾಗಿಯೂ ನೊಂದವರಂತೆ ತಲೆಯಾಡಿಸಿದರು. ಊಟಕ್ಕೆ ಪ್ರಿನ್ಸಿಪಾಲರು ಕಾಯುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದರು. ಕಾರು ಹೊರಟಿತು.

ಆದಿನಾರಾಯಣ ಕಿಟಕಿಯ ಹತ್ತಿರ ನಿಂತಿದ್ದ. "ಮೊದಲನೇ ಮೀಟರು ನೋಡಿ ಸಂತೋಷ ಅಂದರಲ್ಲ, ಅಲ್ಲಿಗೆ ಮುಗೀತಿತ್ತು. ಅವರು ಕೇಳದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿರಿ."

"ಹೇಗೆ ಅನ್ನೋದು, ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ಅದನ್ನೂ ಅವರು ಕೇಳಲಿಲ್ಲ."

"ಇನ್ನೇನು ಮಾಡ್ತೀರ?"

"ಗೊತ್ತಿಲ್ಲ ಆದಿನಾರಾಯಣ. ಸ್ವಲ್ಪ ಹೊತ್ತು ನನ್ನನ್ನ ಏನೂ ಕೇಳಬೇಡಿ."

ಅವನು ತನ್ನ ಮೀಟರನ್ನು ಬಿಚ್ಚಿಕೊಂಡು ಹೋಗಲು ಕೈ ಹಾಕಿದವನು, ಯಾಕೋ ಬಿಟ್ಟು ಹೊರಟುಹೋದ. ಅವಳು ಲೇಪದ ತಗಡನ್ನು ಹೊರಗೆ ತೆಗೆದು, ತೊಳೆದು, ಒಂದು ಕಾಗದದಲ್ಲಿ ಸುತ್ತಿಟ್ಟಳು. ಮಧ್ಯಾಹ್ನದ ರೈಲು ಕೂಗಿ ಹೋದದ್ದು ಕೇಳಿಸಿತು.

ಕೋದಂಡಪ್ಪ ಟೀ ತಂದಿಟ್ಟ. "ಕಮಿಟಿಯೋರು ಏನಂದ್ರಮ್ಮ?"

"ಆಗಲ್ಲ ಅಂದ್ರು."

"ನನ್ನ ಮಣ್ಣಿಂದಾನಾ?"

"ಅಲ್ಲ. ನಿನ್ನ ಮಣ್ಣು ಸರಿಯಾಗೇ ಐತೆ."

ಅವನಿಗೆ ಅದು ಅರ್ಥವಾಗಲಿಲ್ಲ. ಮೇಜಿನ ಕಡೆ ನೋಡಿದ. "ಇದೊಂದು ಇನ್ನೂ ಗುಳ್ಳೆ ಬಿಡ್ತಾನೇ ಐತೆ. ಕರೆಂಟು ತೆಗೀಲಾ?"

"ಬ್ಯಾಡ, ಬಿಡು. ಅದು ಇನ್ನೂ ಇಳೀತಾ ಐತೆ."

ಅವನು ಹೋದ ಮೇಲೆ ಅವಳು ಕುರ್ಚಿ ಎಳೆದುಕೊಂಡು ಬರಿಯ ತಗಡಿನ ಮುಂದೆ ಕೂತಳು. ಟೀ ಆರಿತು. ದ್ರಾವಣದ ಶಾಖ ನೋಡಿದಳು, ಕರೆಂಟು ಅಷ್ಟೇ ಇದೆಯೇ ನೋಡಿದಳು. ಸಂಜೆ ನಾಲ್ಕು ಗಂಟೆಗೆ, ಮೂವತ್ತು ಡಿಗ್ರಿಯಲ್ಲಿ, ದಂಡದ ವೋಲ್ಟೇಜು ಇನ್ನೂರ ಎಪ್ಪತ್ತೊಂದು ಮಿಲಿವೋಲ್ಟ್.